ದೊಡ್ಡ ಸದ್ದಿಗೆ ಮುಂಚೆ ಬರುವ ಸಣ್ಣ ಸದ್ದು

ಸಂಡೂರಿನ ಕಬ್ಬಿಣದ ಗಣಿಗಳ ಅಕ್ಕಪಕ್ಕ ಇರುವವರಿಗೆ ಬ್ಲಾಸ್ಟಿಂಗ್ ಹೇಗೆ ನಡೆಯುತ್ತದೆ ಎಂದು ಹೇಳಿಕೊಡಬೇಕಿಲ್ಲ. ಮೊದಲು ಸೈರನ್ ಕೂಗುತ್ತದೆ. ಕೆಂಪು ಬಾವುಟ ಹಿಡಿದವರು ದಾರಿ ತಡೆಯುತ್ತಾರೆ. ಜನ, ದನ ದೂರ ಸರಿದ ಮೇಲೆ ಮದ್ದು ಸಿಡಿಯುತ್ತದೆ. ಇನ್ನೇನು ಸಿಡಿಯುತ್ತದೆ ಎಂದು ಗೊತ್ತಿದ್ದೇ ನಿಂತಿರುತ್ತೇವೆ, ಆದರೂ ಸದ್ದು ಜೋರಾಗಿ ಅಪ್ಪಳಿಸಿದ ಕೂಡಲೇ ಕಣ್ಣು ಮುಚ್ಚುತ್ತದೆ, ಹೆಗಲು ಮೇಲೇಳುತ್ತದೆ, ಕುತ್ತಿಗೆ ಒಳಗೆಳೆದುಕೊಳ್ಳುತ್ತದೆ. ಇಷ್ಟು ಹೊತ್ತು ಕೂಗಿದ ಸೈರನ್ನಿಗೆ ಮನಸ್ಸನ್ನು ಸಿದ್ಧ ಮಾಡಲು ಆಗುತ್ತದೆ, ರೆಪ್ಪೆಯನ್ನು ತಡೆಯಲು ಆಗುವುದಿಲ್ಲ.

ಸೈರನ್ನಿಗೆ ಆಗದ ಈ ಕೆಲಸವನ್ನು ಒಂದು ಸಣ್ಣ 'ಟಕ್' ಮಾಡುತ್ತದೆ. ಅದು ದೊಡ್ಡ ಸದ್ದಿಗಿಂತ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಮುಂಚೆ ಬರಬೇಕು, ಅಷ್ಟೆ. ಆಮೇಲೆ ಬರುವ ದೊಡ್ಡ ಸದ್ದು ಒಂದಿಷ್ಟೂ ಕಡಿಮೆಯಾಗಿರುವುದಿಲ್ಲ, ಆದರೆ ಬೆಚ್ಚಿಬೀಳುವುದು ಅರ್ಧಕ್ಕೆ, ಕೆಲವರಲ್ಲಿ ಅದಕ್ಕಿಂತಲೂ ಕೆಳಗೆ ಇಳಿಯುತ್ತದೆ. ವಿಜ್ಞಾನಿಗಳು ಇದನ್ನು ಪ್ರೀಪಲ್ಸ್ ಇನ್‌ಹಿಬಿಷನ್ ಎನ್ನುತ್ತಾರೆ. ಮುಂಚೆ ಬರುವ ಸಣ್ಣ ಸದ್ದು ಪ್ರೀಪಲ್ಸ್. ಅದರಿಂದ ಬೆಚ್ಚುವಿಕೆಗೆ ಬೀಳುವ ತಡೆ ಇನ್‌ಹಿಬಿಷನ್.

ಇದು ಅರ್ಥವಾಗಬೇಕಾದರೆ ಮೊದಲು ಬೆಚ್ಚಿಬೀಳುವುದು ಎಷ್ಟು ಬೇಗ ಆಗುತ್ತದೆ ಎಂಬುದನ್ನು ನೋಡಬೇಕು. ಜೋರಾದ ಸದ್ದು ಕಿವಿಗೆ ಬಿದ್ದ 30ರಿಂದ 50 ಮಿಲಿಸೆಕೆಂಡಿನೊಳಗೆ ಮನುಷ್ಯನ ಕಣ್ಣಿನ ಸುತ್ತಲ ಸ್ನಾಯು ಬಿಗಿಯುತ್ತದೆ. ಒಂದು ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಮೂವತ್ತು, ನಲವತ್ತು ಭಾಗ. 'ಏನಿದು ಸದ್ದು?' ಎಂದು ಮನಸ್ಸು ಕೇಳಿಕೊಳ್ಳುವುದಕ್ಕೆ ಇದರ ಹಲವು ಪಟ್ಟು ಸಮಯ ಬೇಕು. ಇಲಿಯಲ್ಲಂತೂ ಸದ್ದಾದ ಸುಮಾರು 8 ಮಿಲಿಸೆಕೆಂಡಿಗೆ ಕಾಲಿನ ಸ್ನಾಯು ಎಚ್ಚೆತ್ತಿರುತ್ತದೆ. ಇಷ್ಟು ವೇಗ ಇರಬೇಕಾದರೆ ನಡುವೆ ಹೆಚ್ಚು ನರಕೋಶಗಳು ಇರಲು ಸಾಧ್ಯವಿಲ್ಲ. 1982ರಲ್ಲಿ ಮೈಕೆಲ್ ಡೇವಿಸ್ ಮತ್ತು ಸಂಗಡಿಗರು ಇಲಿಗಳಲ್ಲಿ ಈ ಹಾದಿಯನ್ನು ಗುರುತಿಸಿದರು. ಕಿವಿಯ ನರದಿಂದ ಹೊರಟ ಸುದ್ದಿ ಮಿದುಳಿನ ಕಾಂಡದಲ್ಲಿರುವ ಪಾನ್ಸ್ ಎಂಬ ಭಾಗದ ದೊಡ್ಡ ನರಕೋಶಗಳ ಗುಂಪಿಗೆ ಬರುತ್ತದೆ, ಅಲ್ಲಿಂದ ನೇರವಾಗಿ ಮುಖ, ಕುತ್ತಿಗೆ, ಕೈಕಾಲುಗಳ ಸ್ನಾಯುಗಳನ್ನು ನಡೆಸುವ ನರಗಳಿಗೆ ಇಳಿಯುತ್ತದೆ. ಯೋಚಿಸುವ ಮೇಲ್ಮಿದುಳಿಗೆ ಈ ಹಾದಿಯಲ್ಲಿ ಜಾಗವೇ ಇಲ್ಲ.

ಹಾಗಾಗಿ ಪಟಾಕಿಗೆ ಬೆಚ್ಚಿದವರನ್ನು 'ಪುಕ್ಕಲ' ಎಂದು ಕರೆಯುವುದರಲ್ಲಿ ಅರ್ಥವಿಲ್ಲ. ಅಂಜಿಕೆ ಹುಟ್ಟುವುದಕ್ಕೆ ಮೊದಲೇ ಮೈ ಬೆಚ್ಚಿ ಮುಗಿದಿರುತ್ತದೆ. ಲ್ಯಾಂಡಿಸ್ ಮತ್ತು ಹಂಟ್ ಎಂಬ ಇಬ್ಬರು ಅಮೆರಿಕನ್ ಮನಶ್ಶಾಸ್ತ್ರಜ್ಞರು 1930ರ ದಶಕದಲ್ಲಿ ಪಿಸ್ತೂಲಿನ ಸದ್ದಿಗೆ ಜನ ಹೇಗೆ ಬೆಚ್ಚುತ್ತಾರೆ ಎಂದು ಅತಿವೇಗದ ಕ್ಯಾಮೆರಾದಲ್ಲಿ ಚಿತ್ರೀಕರಿಸಿ, 1939ರಲ್ಲಿ ಪ್ರಕಟಿಸಿದರು. ಮೈಯ ಉಳಿದ ಚಲನೆಗಳಲ್ಲಿ ಒಬ್ಬರಿಂದ ಒಬ್ಬರಿಗೆ ವ್ಯತ್ಯಾಸ ಇತ್ತು. ರೆಪ್ಪೆ ಬಡಿಯುವುದು ಮಾತ್ರ ಎಲ್ಲಕ್ಕಿಂತ ನಂಬಿಕೆಯ ಗುರುತಾಗಿತ್ತು. ಇವತ್ತಿಗೂ ಮನುಷ್ಯರಲ್ಲಿ ಬೆಚ್ಚುವಿಕೆಯನ್ನು ಅಳೆಯುವುದು ರೆಪ್ಪೆಯಿಂದಲೇ.

ಅಳೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಇಡೀ ವಿಷಯ ಪರೀಕ್ಷೆಯ ಕುರ್ಚಿಯ ಮೇಲೆಯೇ ಕೂತಿದೆ. ಪರೀಕ್ಷೆಗೆ ಬಂದವರನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಒಂದು ಕಣ್ಣಿನ ಕೆಳಗೆ ಎರಡು ಸಣ್ಣ ಎಲೆಕ್ಟ್ರೋಡ್ ಅಂಟಿಸುತ್ತಾರೆ, ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ. ಹೆಡ್‌ಫೋನಿನಲ್ಲಿ ಸ್ಟೇಷನ್ ಸಿಗದ ರೇಡಿಯೋದಂತೆ 'ಸ್ಸ್ಸ್' ಎನ್ನುವ ಸದ್ದು ಸುಮಾರು 70 ಡೆಸಿಬೆಲ್‌ನಲ್ಲಿ ಒಂದೇ ಸಮನೆ ಬರುತ್ತಿರುತ್ತದೆ. ಅದರ ನಡುವೆ ಹೇಳದೆ ಕೇಳದೆ 115 ಡೆಸಿಬೆಲ್ ಆಸುಪಾಸಿನ ಸಿಡಿಸದ್ದು, ಬರೀ 40 ಮಿಲಿಸೆಕೆಂಡ್. ರೆಪ್ಪೆ ಬಡಿಯುತ್ತದೆ, ಸ್ನಾಯುವಿನಲ್ಲಿ ಹರಿದ ವಿದ್ಯುತ್ತು ಪರದೆಯ ಮೇಲೆ ಒಂದು ಗೆರೆಯಾಗಿ ಏಳುತ್ತದೆ. ಇದು ಬರೀ ಸಿಡಿಸದ್ದಿನ ಲೆಕ್ಕ. ಮತ್ತೆ ಕೆಲವು ಸಲ ಸಿಡಿಸದ್ದಿಗೆ 60 ಅಥವಾ 120 ಮಿಲಿಸೆಕೆಂಡ್ ಮುಂಚೆ, ಹಿನ್ನೆಲೆಗಿಂತ 15 ಡೆಸಿಬೆಲ್‌ನಷ್ಟು ಮಾತ್ರ ಜೋರಾದ ಸಣ್ಣ ಸದ್ದೊಂದನ್ನು 20 ಮಿಲಿಸೆಕೆಂಡ್ ಹೊತ್ತು ಕೇಳಿಸುತ್ತಾರೆ. ಆ ಸಣ್ಣ ಸದ್ದಿಗೆ ಯಾರೂ ಬೆಚ್ಚುವುದಿಲ್ಲ. ಆದರೆ ಅದರ ಹಿಂದೆ ಬಂದ ಸಿಡಿಸದ್ದಿಗೆ ಗೆರೆ ಮೊದಲಿನಷ್ಟು ಎತ್ತರ ಏಳುವುದಿಲ್ಲ. ಒಂಟಿ ಸಿಡಿಸದ್ದಿಗೆ ಗೆರೆಯ ಎತ್ತರ 100 ಇದ್ದು, ಜೋಡಿ ಸದ್ದಿಗೆ 40 ಆಯಿತು ಎನ್ನಿ. ಆಗ ತಡೆ ಶೇ. 60.

ಒಂಟಿ ಸದ್ದು, ಜೋಡಿ ಸದ್ದುಗಳನ್ನು ಬೇಕೆಂದೇ ಕಲಸಿ, ನಡುವಿನ ಬಿಡುವನ್ನೂ ಏರುಪೇರು ಮಾಡಿ ಕೇಳಿಸುತ್ತಾರೆ. ಒಂದೇ ಸದ್ದನ್ನು ಪದೇ ಪದೇ ಕೇಳಿದರೆ ಬೆಚ್ಚುವಿಕೆ ತಾನಾಗಿಯೇ ಇಳಿಯುತ್ತದೆ. ದೀಪಾವಳಿಯ ಮೊದಲ ಪಟಾಕಿಗೆ ಬೆಚ್ಚಿದಷ್ಟು ಇಪ್ಪತ್ತನೆಯದಕ್ಕೆ ಬೆಚ್ಚುವುದಿಲ್ಲವಲ್ಲ, ಅದು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಭ್ಯಾಸವಾಗಲು ಸಲ ಸಲ ಕೇಳಬೇಕು, ಪ್ರೀಪಲ್ಸ್‌ನ ತಡೆ ಮಾತ್ರ ಮೊಟ್ಟಮೊದಲ ಜೋಡಿ ಸದ್ದಿನಲ್ಲೇ ಕಾಣಿಸಿಕೊಳ್ಳುತ್ತದೆ. 'ಟಕ್ ಎಂದರೆ ಢಂ ಬರುತ್ತದೆ' ಎಂದು ಯಾರೂ ಕಲಿತಿರುವುದಿಲ್ಲ. ಕಲಿಯಲು ಅವಕಾಶವೇ ಸಿಕ್ಕಿರುವುದಿಲ್ಲ.

ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಸಮಯದ ಈ ಬಿಗಿ ಲೆಕ್ಕ. ಸಣ್ಣ ಸದ್ದಿಗೂ ದೊಡ್ಡ ಸದ್ದಿಗೂ ನಡುವೆ ಸುಮಾರು 30ರಿಂದ 500 ಮಿಲಿಸೆಕೆಂಡ್ ಇದ್ದರೆ ಮಾತ್ರ ತಡೆ ಬೀಳುತ್ತದೆ. 100ರ ಆಸುಪಾಸಿನಲ್ಲಿ ತಡೆ ಎಲ್ಲಕ್ಕಿಂತ ಗಟ್ಟಿ. ನಡುವಿನ ಹೊತ್ತು ತೀರ ಕಡಿಮೆಯಾದರೆ, ಅಂದರೆ ಕೆಲವೇ ಮಿಲಿಸೆಕೆಂಡ್ ಆದರೆ, ಕೆಲವೊಮ್ಮೆ ಎರಡೂ ಸೇರಿ ಬೆಚ್ಚುವಿಕೆ ಹೆಚ್ಚುವುದೂ ಉಂಟು. ಒಂದು ಎರಡು ಸೆಕೆಂಡ್ ದಾಟಿದರೆ ತಡೆ ಕರಗಿ, ಮತ್ತೆ ಹೆಚ್ಚಳದ ಕಡೆಗೆ ವಾಲಬಹುದು. ಸೈರನ್ ಸೋಲುವುದು ಇಲ್ಲೇ. ಅದು ನಿಮಿಷಗಳ ಲೆಕ್ಕದಲ್ಲಿ ಮುಂಚೆ ಬರುತ್ತದೆ, ಮಿದುಳಿನ ಕಾಂಡಕ್ಕೆ ಅದು ಎಂದೋ ಕಳೆದುಹೋದ ಮಾತು. ಇನ್ನೊಂದು ಸಂಗತಿಯೂ ಇದೆ. ಸೈರನ್ ಎಷ್ಟೇ ಜೋರಾಗಿದ್ದರೂ ಸ್ವತಃ ಯಾರನ್ನೂ ಅಷ್ಟಾಗಿ ಬೆಚ್ಚಿಸುವುದಿಲ್ಲ, ಏಕೆಂದರೆ ಅದರ ಕೂಗು ಮೆಲ್ಲಗೆ ಏರುತ್ತದೆ. ಬೆಚ್ಚಿಸಲು ಸದ್ದು ಜೋರಾಗಿದ್ದರೆ ಸಾಲದು, ಥಟ್ಟನೆ ಏರಬೇಕು.

ಮುಂಚೆ ಬರುವುದು ಸದ್ದೇ ಆಗಬೇಕೆಂದೂ ಇಲ್ಲ. ಬೆಳಕಿನ ಒಂದು ಮಿಂಚು, ಚರ್ಮದ ಮೇಲೆ ಒಂದು ಸಣ್ಣ ತಟ್ಟು, ಗಾಳಿಯ ಒಂದು ಊದು, ಯಾವುದೂ ಆಗುತ್ತದೆ. ಹಾಗಾದರೆ ಮಿಂಚು ಗುಡುಗಿಗೆ ಪ್ರೀಪಲ್ಸ್ ಆಗಬಹುದೇ? ಲೆಕ್ಕ ಹಾಕಿ ನೋಡಬಹುದು. ಬಳ್ಳಾರಿಯ ಬಿಸಿಲಿಗೆ ಕಾದ ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 350 ಮೀಟರ್ ಓಡುತ್ತದೆ. ಬೆಳಕು ಬಂದು 100 ಮಿಲಿಸೆಕೆಂಡಿಗೆ ಸದ್ದು ಬರಬೇಕಾದರೆ ಮಿಂಚು ನಮ್ಮಿಂದ 35 ಮೀಟರ್ ದೂರದಲ್ಲಿ ಹೊಡೆಯಬೇಕು. 500 ಮಿಲಿಸೆಕೆಂಡ್ ಎಂದರೂ 175 ಮೀಟರ್. ಅಷ್ಟು ಹತ್ತಿರ ಸಿಡಿಲು ಬಡಿದವರಿಗೆ ರೆಪ್ಪೆಯ ಯೋಚನೆ ಇರುವುದಿಲ್ಲ. ಒಂದು ಕಿಲೋಮೀಟರ್ ಆಚೆಯ ಮಿಂಚಿಗೆ ಗುಡುಗು ಬರುವುದು ಹೆಚ್ಚುಕಡಿಮೆ 3 ಸೆಕೆಂಡ್ ಕಳೆದು. ಅದು ಎಚ್ಚರಿಕೆ ಹೌದು, ಪ್ರೀಪಲ್ಸ್ ಅಲ್ಲ.

ಗಣಿಯ ಸ್ಫೋಟದಲ್ಲೂ ಹೀಗೇ ಎರಡು ಸುದ್ದಿ ಬರುತ್ತವೆ. ಬಂಡೆಯೊಳಗೆ ಕಂಪನ ಸೆಕೆಂಡಿಗೆ ಹಲವು ಕಿಲೋಮೀಟರ್ ವೇಗದಲ್ಲಿ ಹರಿಯುವುದರಿಂದ, ಒಂದು ಕಿಲೋಮೀಟರ್ ದೂರದ ಮನೆಯಲ್ಲಿ ಮೊದಲು ನೆಲ ಅದುರಿ ಗೂಡಿನ ಪಾತ್ರೆ ಗಿಲಿಗಿಲಿ ಎನ್ನುತ್ತದೆ, ಗಾಳಿಯ ಸದ್ದು ಆಮೇಲೆ ಬರುತ್ತದೆ. ನಡುವಿನ ಅಂತರ ಎರಡೂವರೆ ಸೆಕೆಂಡಿಗೂ ಹೆಚ್ಚು. ಇಲ್ಲೂ ತಡೆಯ ಕಿಟಕಿ ಮುಚ್ಚಿರುತ್ತದೆ. ಆದರೆ ರಾತ್ರಿ ಓಣಿಯ ಆ ತುದಿಯಲ್ಲಿ, ಒಂದು ನಲವತ್ತು ಐವತ್ತು ಮೀಟರ್ ದೂರದಲ್ಲಿ, ಹುಡುಗರು ಆಟಂ ಬಾಂಬ್ ಹಚ್ಚಿದ್ದನ್ನು ನೀವು ನೋಡುತ್ತಾ ನಿಂತಿದ್ದರೆ ಅಂತರ ಸರಿಯಾಗಿ ಕೂರುತ್ತದೆ. ಕಣ್ಣಿಗೆ ಬೆಳಕು, ಅದಾಗಿ 110ರಿಂದ 140 ಮಿಲಿಸೆಕೆಂಡಿಗೆ ಕಿವಿಗೆ ಸದ್ದು. ದೂರ ಹೆಚ್ಚಿದಂತೆ ಸದ್ದೂ ಕುಗ್ಗುವುದರಿಂದ, ಕಡಿಮೆ ಬೆಚ್ಚಿದ್ದು ಬೆಳಕಿನಿಂದಲೋ ದೂರದಿಂದಲೋ ಎಂದು ಓಣಿಯಲ್ಲಿ ನಿಂತು ಬೇರ್ಪಡಿಸಲು ಆಗದು. ಅದಕ್ಕೇ ಹೆಡ್‌ಫೋನು, ಕುರ್ಚಿ, ಮಿಲಿಸೆಕೆಂಡ್ ಗಡಿಯಾರ ಎಲ್ಲ ಬೇಕಾಗುವುದು.

ತಡೆ ಹಾಕುವುದು ಮಿದುಳಿನ ಯಾವ ಭಾಗ? ಮೇಲ್ಮಿದುಳನ್ನು ಕಾಂಡದಿಂದ ಬೇರ್ಪಡಿಸಿದ ಇಲಿಗಳಲ್ಲೂ ಈ ತಡೆ ಉಳಿಯುತ್ತದೆ, ಹಾಗಾಗಿ ಮೂಲ ಯಂತ್ರ ಕಾಂಡದಲ್ಲೇ ಇದೆ. ಪಾಠಪುಸ್ತಕಗಳು ಕೊಡುವ ಚಿತ್ರ ಹೀಗಿದೆ: ಸಣ್ಣ ಸದ್ದು ನಡುಮಿದುಳಿನ ಕೇಂದ್ರಗಳ ಮೂಲಕ ಪೆಡಂಕ್ಯುಲೊಪಾಂಟೈನ್ ಎಂಬ ನರಕೋಶಗಳ ಗುಂಪನ್ನು ತಲುಪುತ್ತದೆ, ಆ ಗುಂಪು ಬೆಚ್ಚುವ ಹಾದಿಯ ದೊಡ್ಡ ನರಕೋಶಗಳನ್ನು ಸ್ವಲ್ಪ ಹೊತ್ತು ಅದುಮಿ ಹಿಡಿಯುತ್ತದೆ. ಈ ಹಾದಿ ಬೆಚ್ಚುವ ಹಾದಿಗಿಂತ ಸುತ್ತುಬಳಸು. ಸಣ್ಣ ಸದ್ದಿಗೆ ಮುಂಚಿತವಾಗಿ ಹೊರಡುವ ಅವಕಾಶ ಬೇಕಾಗುವುದು ಇದರಿಂದಲೇ. ಇತ್ತೀಚಿನ ಪ್ರಯೋಗಗಳು ಈ ಚಿತ್ರವನ್ನು ತಿದ್ದುತ್ತಿವೆ, ಯಾವ ನರಕೋಶ ಯಾವ ರಾಸಾಯನಿಕದಿಂದ ತಡೆ ಹಾಕುತ್ತದೆ ಎಂಬ ವಾದ ಇನ್ನೂ ಮುಗಿದಿಲ್ಲ. ಜೀಬ್ರಾಫಿಶ್ ಎಂಬ ಪುಟ್ಟ ಮೀನಿನ ಮರಿಗಳಲ್ಲೂ, ಟ್ರಿಟೋನಿಯಾ ಎಂಬ ಕಡಲ ಹುಳದಂಥ ಜೀವಿಯಲ್ಲೂ ಇಂಥದೇ ತಡೆ ಸಿಕ್ಕಿದೆ ಎಂದ ಮೇಲೆ ಇದು ಪ್ರಾಣಿಲೋಕದ ಬಹಳ ಹಳೆಯ ಉಪಾಯವೇ ಇರಬೇಕು.

ಈ ಉಪಾಯ ಏಕೆ ಬೇಕು ಎಂಬುದಕ್ಕೆ ಫ್ರಾನ್ಸಿಸ್ ಗ್ರಹಾಂ ಎಂಬ ವಿಜ್ಞಾನಿ 1975ರಲ್ಲಿ ಕೊಟ್ಟ ವಿವರಣೆ ನನಗೆ ಈಗಲೂ ಸರಿಯೆನಿಸುತ್ತದೆ. ತುಂಗಭದ್ರಾ ಕಾಲುವೆಯ ನೀರಾವರಿ ಕಂಡವರಿಗೆ ಅದನ್ನು ಹೀಗೆ ಹೇಳಬಹುದು. ಮಡಿಗೆ ಆಗಷ್ಟೇ ನೀರು ಬಿಟ್ಟಿದ್ದೀರಿ, ಅದು ಹರಡಿ ನೆಲಕ್ಕೆ ಇಳಿಯುವ ಮುಂಚೆ ಕಾಲುವೆಯಿಂದ ದೊಡ್ಡ ನೀರು ನುಗ್ಗಿದರೆ ಮೊದಲಿನದೂ ಕೊಚ್ಚಿಕೊಂಡು ಹೋಗುತ್ತದೆ. ಅದಕ್ಕೇ ತೂಬನ್ನು ಅರ್ಧ ಇಳಿಸುತ್ತಾರೆ. ಸಣ್ಣ ಸದ್ದೂ ಒಂದು ಸುದ್ದಿಯೇ. ಅದೇನೆಂದು ಮಿದುಳು ತಿಳಿದುಕೊಳ್ಳುತ್ತಿರುವ ಆ ಕ್ಷಣದಲ್ಲಿ ಮೈಯೆಲ್ಲ ಬೆಚ್ಚಿಬಿದ್ದರೆ ಆ ಸುದ್ದಿ ಅರ್ಧಕ್ಕೇ ಹರಿದುಹೋಗುತ್ತದೆ. ಹಾಗಾಗದಂತೆ ಮಿದುಳು ತೂಬು ಇಳಿಸುತ್ತದೆ, ದೊಡ್ಡ ಸದ್ದು ಬರುವುದೋ ಇಲ್ಲವೋ ಎಂದು ಕಾಯದೆ. ಮೂಲ ಯಂತ್ರಕ್ಕೆ ಗಮನ ಬೇಕಿಲ್ಲದಿದ್ದರೂ ಗಮನ ಅದನ್ನು ಸ್ವಲ್ಪ ಬಿಗಿ ಮಾಡಬಲ್ಲದು. ಸಣ್ಣ ಸದ್ದಿನ ಕಡೆ ಕಿವಿಗೊಟ್ಟು ಲೆಕ್ಕವಿಡಿ ಎಂದು ಹೇಳಿದಾಗ ತಡೆ ಹೆಚ್ಚುವುದನ್ನು 1990ರ ದಶಕದ ಪ್ರಯೋಗಗಳು ತೋರಿಸಿವೆ. ಸಣ್ಣ ಮಕ್ಕಳಲ್ಲಿ ಈ ತೂಬು ಇನ್ನೂ ಸಡಿಲ, ದೊಡ್ಡವರ ಮಟ್ಟಕ್ಕೆ ಬರುವಾಗ ಎಂಟು ವರ್ಷದ ಹತ್ತಿರ ಆಗಿರುತ್ತದೆ.

ಮುಂಚೆ ಬಂದ ಸಂಗತಿ ಬೆಚ್ಚುವಿಕೆಯನ್ನು ಯಾವಾಗಲೂ ಇಳಿಸುತ್ತದೆ ಎಂದು ಮಾತ್ರ ತಿಳಿಯಬಾರದು. 1951ರಲ್ಲಿ ಬ್ರೌನ್, ಕ್ಯಾಲಿಶ್, ಫಾರ್ಬರ್ ಎಂಬುವರು ಇಲಿಗಳಿಗೆ ಒಂದು ಸಂಕೇತ ತೋರಿಸಿ ಜೊತೆಗೆ ಸಣ್ಣ ಶಾಕ್ ಕೊಟ್ಟರು. ಆ ಸಂಕೇತ ಎಂದರೆ ನೋವು ಎಂದು ಇಲಿಗಳು ಕಲಿತವು. ಮುಂದೆ ಆ ಸಂಕೇತ ಇರುವಾಗ ಜೋರು ಸದ್ದು ಮಾಡಿದರೆ ಅವು ಇನ್ನೂ ಹೆಚ್ಚು ಬೆಚ್ಚಿದವು. ಭಯ ಹುಟ್ಟಿಸುವ ಅಮಿಗ್ಡಾಲಾ ಎಂಬ ಭಾಗ ಬೆಚ್ಚುವ ಹಾದಿಯ ಅವೇ ನರಕೋಶಗಳನ್ನು ಹುರಿದುಂಬಿಸುತ್ತದೆ. ಅಂದರೆ ಒಂದೇ ದೀಪ ಸದ್ದಿಗೆ 100 ಮಿಲಿಸೆಕೆಂಡ್ ಮುಂಚೆ ಮಿನುಗಿದರೆ ಬೆಚ್ಚುವಿಕೆಯನ್ನು ತಗ್ಗಿಸುತ್ತದೆ, ಅದೇ ದೀಪ ಭಯದ ಗುರುತಾಗಿ ಕೆಲವು ಸೆಕೆಂಡ್ ಉರಿಯುತ್ತಿದ್ದರೆ ಏರಿಸುತ್ತದೆ. 1988ರಲ್ಲಿ ಪೀಟರ್ ಲ್ಯಾಂಗ್ ಮತ್ತು ಸಂಗಡಿಗರು ಮನುಷ್ಯರಲ್ಲಿ ನೋಡಿದ್ದೂ ಇದನ್ನೇ. ಹೇಸಿಗೆ, ಭಯ ತರುವ ಚಿತ್ರ ನೋಡುತ್ತಿರುವಾಗ ರೆಪ್ಪೆ ಹೆಚ್ಚು ಜೋರಾಗಿ ಬಡಿಯುತ್ತದೆ, ಹಿತವಾದ ಚಿತ್ರ ನೋಡುವಾಗ ಕಡಿಮೆ. ಕತ್ತಲೆಯಲ್ಲಿ ಮನುಷ್ಯರು ಹೆಚ್ಚು ಬೆಚ್ಚುತ್ತಾರೆ ಎಂದು 1997ರಲ್ಲಿ ಕ್ರಿಶ್ಚಿಯನ್ ಗ್ರಿಲನ್ ತೋರಿಸಿದರು. ರಾತ್ರಿ ಓಡಾಡುವ ಇಲಿಗಳಿಗೆ ಇದು ತಿರುವುಮುರುವು, ಅವು ಪ್ರಖರ ಬೆಳಕಿನಲ್ಲಿ ಹೆಚ್ಚು ಬೆಚ್ಚುತ್ತವೆ. ಕರೆಂಟ್ ಹೋದ ಮನೆಯಲ್ಲಿ ಒಂದು ಲೋಟ ಬಿದ್ದರೂ ಎದೆ ಝಲ್ಲೆನ್ನುವುದು ಇದೇ ಕಾರಣಕ್ಕೆ. ಹಾಗೆ ನೋಡಿದರೆ, ಸ್ಫೋಟದ ಬಗ್ಗೆ ನಿಜವಾದ ಭಯ ಇರುವವರಿಗೆ ಸೈರನ್ ಬೆಚ್ಚುವಿಕೆಯನ್ನು ಇಳಿಸುವ ಬದಲು ಏರಿಸಲೂಬಹುದು. ಸೈರನ್ ಇರುವುದು ಪ್ರಾಣ ಉಳಿಸಲು, ಆ ಕೆಲಸವನ್ನು ಅದು ಮಾಡುತ್ತದೆ.

ತಡೆಯ ವಿಷಯಕ್ಕೆ ಮರಳಿದರೆ, ಅದನ್ನು ರೋಗಿಯೊಬ್ಬರ ಮೇಲೆ ಬಳಸಿದ ಒಂದು ಹಳೆಯ ಪ್ರಸಂಗ ಹೇಳಲೇಬೇಕು. 1933ರಲ್ಲಿ ಅಮೆರಿಕದಲ್ಲಿ ಕೊಹೆನ್, ಹಿಲ್ಗಾರ್ಡ್, ವೆಂಟ್ ಎಂಬ ಮೂವರ ಮುಂದೆ ಕಣ್ಣು ಕಾಣುವುದಿಲ್ಲ ಎನ್ನುವ ರೋಗಿಯೊಬ್ಬರಿದ್ದರು. ಕಣ್ಣಿನಲ್ಲಿ ದೋಷ ಇರಲಿಲ್ಲ. ಮಾನಸಿಕ ಆಘಾತದಿಂದ ಬರುವ, ಅಂದು ಹಿಸ್ಟೀರಿಯಾ ಎಂದು ಕರೆಯುತ್ತಿದ್ದ ಬಗೆಯ ಕುರುಡು ಅದು. ಅವರು ಜೋರು ಸದ್ದಿಗೆ ಸ್ವಲ್ಪ ಮುಂಚೆ ಆ ಕಣ್ಣಿಗೆ ಬೆಳಕು ಬಿಟ್ಟರು. ರೋಗಿಗೆ ಬೆಳಕು ಕಾಣಲಿಲ್ಲ. ಆದರೆ ಸದ್ದಿಗೆ ಬಡಿದ ರೆಪ್ಪೆ, ಕಣ್ಣು ಕಾಣುವವರಲ್ಲಿ ಹೇಗೆ ಬದಲಾಗುತ್ತದೋ ಹಾಗೆಯೇ ಬದಲಾಯಿತು. ಬೆಳಕು ಕಾಂಡದವರೆಗೆ ತಲುಪಿತ್ತು. ರೋಗಿ ಸುಳ್ಳು ಹೇಳುತ್ತಿದ್ದರು ಎಂದು ಇದರಿಂದ ತೀರ್ಮಾನಿಸುವುದು ಅನ್ಯಾಯ. ಮಿದುಳಿಗೆ ಮುಟ್ಟಿದ್ದೆಲ್ಲ ಅರಿವಿಗೆ ಬರುವುದಿಲ್ಲ ಎಂಬುದಕ್ಕಷ್ಟೇ ಇದು ಸಾಕ್ಷಿ.

ಪ್ರೀಪಲ್ಸ್‌ನ ಹೆಸರು ವೈದ್ಯಲೋಕದಲ್ಲಿ ಹರಡಿದ್ದು 1978ರ ನಂತರ. ಆ ವರ್ಷ ಡೇವಿಡ್ ಬ್ರಾಫ್ ಮತ್ತು ಸಂಗಡಿಗರು ಸ್ಕಿಜೋಫ್ರೀನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇರುವವರಲ್ಲಿ ಈ ತಡೆ ಕಡಿಮೆ ಇದೆ ಎಂದು ಪ್ರಕಟಿಸಿದರು. ಬೇಡದ ಸದ್ದು, ನೋಟ, ಯೋಚನೆಗಳನ್ನು ಸೋಸಲು ಆಗದೆ ಎಲ್ಲವೂ ಒಟ್ಟಿಗೆ ನುಗ್ಗುತ್ತದೆ ಎಂದು ಆ ಕಾಯಿಲೆಯವರು ಹೇಳಿಕೊಳ್ಳುವುದುಂಟು, ಅದಕ್ಕೆ ಅಳೆಯಬಹುದಾದ ಒಂದು ಗುರುತು ಸಿಕ್ಕಂತಾಯಿತು. ಹತ್ತು ವರ್ಷದ ನಂತರ ಇನ್ನೊಂದು ಕೊಂಡಿ ಸೇರಿತು: ಡೋಪಮೀನ್ ಎಂಬ ಮಿದುಳಿನ ರಾಸಾಯನಿಕದ ಕೆಲಸವನ್ನು ಹೆಚ್ಚಿಸುವ ಅಪೊಮಾರ್ಫಿನ್ ಎಂಬ ಔಷಧಿ ಕೊಟ್ಟರೆ ಇಲಿಗಳ ತಡೆ ಕುಸಿಯುತ್ತದೆ, ಸ್ಕಿಜೋಫ್ರೀನಿಯಾಕ್ಕೆ ಕೊಡುವ ಹಾಲೊಪೆರಿಡಾಲ್‌ನಂಥ ಔಷಧಿ ಅದನ್ನು ಮತ್ತೆ ಎತ್ತುತ್ತದೆ. ಹೊಸ ಔಷಧಿ ಹುಡುಕುವವರು ಅಂದಿನಿಂದ ಈ ಪರೀಕ್ಷೆಯನ್ನು ಬಿಟ್ಟಿಲ್ಲ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ತಡೆ ಕಡಿಮೆ ಇದೆ ಎಂಬುದು ಗುಂಪಿನ ಸರಾಸರಿಯ ಮಾತು. ಕಾಯಿಲೆ ಇರುವ ಎಷ್ಟೋ ಜನರಲ್ಲಿ ತಡೆ ಚೆನ್ನಾಗಿರುತ್ತದೆ, ಆರೋಗ್ಯವಂತರಲ್ಲಿ ಎಷ್ಟೋ ಜನರಲ್ಲಿ ಕಡಿಮೆ ಇರುತ್ತದೆ. ಹಂಟಿಂಗ್‌ಟನ್ ಕಾಯಿಲೆ, ಟುರೆಟ್, ಗೀಳು ಕಾಯಿಲೆಗಳಲ್ಲೂ ಕಡಿಮೆಯಾಗಿರುವುದು ಕಂಡಿದೆ. ಸರಾಸರಿಯಲ್ಲಿ ಹೆಂಗಸರಿಗಿಂತ ಗಂಡಸರಲ್ಲಿ ತಡೆ ಹೆಚ್ಚು, ಹೆಂಗಸರಲ್ಲಿ ಮುಟ್ಟಿನ ದಿನಗಳಿಗೆ ತಕ್ಕಂತೆ ಏರಿಳಿತ. ಬೀಡಿ ಸಿಗರೇಟಿನ ನಿಕೋಟಿನ್ ಕೂಡ ಅಳತೆಯನ್ನು ಬದಲಿಸುತ್ತದೆ. ಆದ್ದರಿಂದ ಒಬ್ಬ ವ್ಯಕ್ತಿಯ ರೆಪ್ಪೆ ಅಳೆದು ಇವರಿಗೆ ಈ ಕಾಯಿಲೆ ಎಂದು ಯಾರೂ ಹೇಳಲಾರರು. ಮನೆಯಲ್ಲಿ ಯಾರೋ ಸದ್ದಿಗೆ ತುಂಬ ಬೆಚ್ಚುತ್ತಾರೆ ಎಂಬುದರಿಂದ ಅವರ ಮನಸ್ಸಿನ ಬಗ್ಗೆ ಊಹೆ ಕಟ್ಟುವುದು ಅದಕ್ಕಿಂತ ದೊಡ್ಡ ತಪ್ಪು.

ಕಾಯಿಲೆ ಗುರುತಿಸುವುದು ಇವತ್ತಿಗೂ ಕೂತು ಮಾತಾಡಿ, ಮನೆಯವರನ್ನು ಕೇಳಿ, ಕಾಲಕಾಲಕ್ಕೆ ನೋಡಿಯೇ. ಆ ಕೆಲಸವನ್ನು ದೊಡ್ಡ ಆಸ್ಪತ್ರೆಯ ಗೋಡೆಯಾಚೆ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತರಬಹುದು ಎಂದು ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ ಜಿಲ್ಲೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಇಲ್ಲಿ ನಡೆಸಿದ ಪ್ರಯೋಗದಲ್ಲಿ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗೆ ಹತ್ತಿರದಲ್ಲೇ ಔಷಧಿ ಸಿಗುವಂತೆ ಮಾಡಿದರು. 'ಬಳ್ಳಾರಿ ಮಾದರಿ' ಎಂದೇ ಹೆಸರಾದ ಅದರ ಆಧಾರದ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಯಂತ್ರದ ಗೆರೆಗಿಂತ ಹಳ್ಳಿಯ ಆ ಮಾತುಕತೆಯಿಂದ ಹೆಚ್ಚು ಜನಕ್ಕೆ ಉಪಕಾರವಾಗಿದೆ ಎಂದೇ ನನ್ನ ನಂಬಿಕೆ.

ಇನ್ನು ಒಂದು ಬಗೆಯ ಪ್ರೀಪಲ್ಸ್ ಉಳಿದಿದೆ, ಅದರಲ್ಲಿ ಸಣ್ಣ ಸದ್ದಿನ ಬದಲು ಸಣ್ಣ ಮೌನ ಬರುತ್ತದೆ. ಒಂದೇ ಸಮನೆ ಬರುತ್ತಿರುವ ಸದ್ದು ಕಣ್ಣು ಮಿಟುಕಿಸುವುದಕ್ಕೂ ಕಡಿಮೆ ಹೊತ್ತು ನಿಂತು ಮತ್ತೆ ಶುರುವಾದರೆ ಆ ಬಿಡುವೂ ಮಿದುಳಿಗೆ ಸುದ್ದಿಯೇ, ಅದರ ಹಿಂದೆ ಬಂದ ಸಿಡಿಸದ್ದಿಗೂ ಬೆಚ್ಚುವಿಕೆ ಇಳಿಯುತ್ತದೆ. 2006ರಲ್ಲಿ ಜೆರೆಮಿ ಟರ್ನರ್ ಮತ್ತು ಸಂಗಡಿಗರು ಇದನ್ನು ಟಿನ್ನಿಟಸ್ ಪತ್ತೆಗೆ ಬಳಸಿದರು. ಟಿನ್ನಿಟಸ್ ಎಂದರೆ ಹೊರಗೆ ಏನೂ ಇಲ್ಲದಿದ್ದರೂ ಕಿವಿಯೊಳಗೆ 'ಗುಂಯ್' ಎಂದು ಕೇಳುತ್ತಲೇ ಇರುವುದು. ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲುಗಳಲ್ಲಿ, ಜಲ್ಲಿ ಕ್ರಷರುಗಳಲ್ಲಿ ವರ್ಷಗಟ್ಟಲೆ ದುಡಿದವರನ್ನು ಕಾಡಬಹುದಾದ ತೊಂದರೆ ಇದು. ಇಲಿಗೆ ಹೀಗೆ ಆಗುತ್ತಿದೆ ಎಂದು ಇಲಿಯನ್ನು ಕೇಳುವುದು ಹೇಗೆ? ಟರ್ನರ್ ತಂಡದ ತರ್ಕ ಸರಳವಾಗಿತ್ತು: ಕಿವಿಯೊಳಗೆ ಗುಂಯ್ ಎನ್ನುತ್ತಿದ್ದರೆ ಹೊರಗಿನ ಮೌನ ಆ ಗುಂಯ್‌ನಿಂದ ತುಂಬಿಹೋಗುತ್ತದೆ, ಬಿಡುವು ಇಲಿಗೆ ಗೊತ್ತಾಗುವುದಿಲ್ಲ, ತಡೆ ಬೀಳುವುದಿಲ್ಲ. ಜೋರು ಸದ್ದಿಗೆ ಕಿವಿ ಹಾಳು ಮಾಡಿದ ಇಲಿಗಳಲ್ಲಿ ಹಾಗೆಯೇ ತಡೆ ಕಡಿಮೆಯಾಯಿತು. ಪ್ರಾಣಿಗಳ ಮೇಲಿನ ಟಿನ್ನಿಟಸ್ ಸಂಶೋಧನೆಯಲ್ಲಿ ಇವತ್ತು ಇದು ಬಹಳ ಬಳಕೆಯಲ್ಲಿದೆ. ಮನುಷ್ಯರಲ್ಲಿ ಫಲಿತಾಂಶಗಳು ಒಂದಕ್ಕೊಂದು ಹೊಂದುತ್ತಿಲ್ಲ. ಗುಂಯ್ ಎನ್ನುವ ಸದ್ದು ಬಿಡುವನ್ನು ನಿಜಕ್ಕೂ ತುಂಬುತ್ತದೆಯೇ, ಅಥವಾ ಶ್ರವಣಶಕ್ತಿ ಕುಂದಿದ್ದರಿಂದಲೇ ಬಿಡುವು ತಪ್ಪಿಹೋಗುತ್ತದೆಯೇ ಎಂಬ ಪ್ರಶ್ನೆ ನಿಂತೇ ಇದೆ. ಹಾಗಾಗಿ ಕಿವಿ ಡಾಕ್ಟರ ಬಳಿ ಹೋದವರನ್ನು ಈಗಲೂ ಕೇಳುವುದು ಯಾವ ಕಿವಿಯಲ್ಲಿ, ಎಂದಿನಿಂದ, ಯಾವ ಬಗೆಯ ಸದ್ದು ಎಂದೇ.